ಐಎನ್‌ಎಸ್ ಮೈಸೂರು: ತಾತ ಹೇಳಿದ್ದೂ ನಿಜ, ಮೊಮ್ಮಗ ಓದಿದ್ದೂ ನಿಜ

ಪ್ರಶ್ನೆ: ನಮ್ಮದು ಅರಸೀಕೆರೆ ಹತ್ತಿರದ ಊರು. ನಮ್ಮ ತಂದೆ ಹತ್ತು ವರ್ಷ ನೌಕಾಪಡೆಯಲ್ಲಿದ್ದರು. ಅರವತ್ತರ ದಶಕದ ಕೊನೆಗೆ ಊರಿಗೆ ಬಂದು ತೆಂಗಿನ ತೋಟ ನೋಡಿಕೊಂಡರು. ಹೋದ ವರ್ಷ ತೀರಿಕೊಂಡರು. ‘ಮೈಸೂರು’ ಅನ್ನೋ ಹಡಗಿನಲ್ಲಿದ್ದೆ, ಗೋವಾ ಬಿಡುಗಡೆ ಹೊತ್ತಿಗೆ ಕಾರವಾರದ ಎದುರಿನ ದ್ವೀಪಕ್ಕೆ ನಮ್ಮ ಹಡಗು ಹೊಡೆಯಿತು, ಅದರಲ್ಲಿ ಒಂಬತ್ತು ದೊಡ್ಡ ಫಿರಂಗಿ ಇದ್ದವು ಎಂದು ಹೇಳುತ್ತಿದ್ದರು. ಜರ್ಮನಿಯ ಹಡಗನ್ನು ಮುಳುಗಿಸಿದ್ದು, ಗ್ರಾಫ್ ಸ್ಪೀ ಎಂಬ ಜರ್ಮನ್ ಯುದ್ಧನೌಕೆಯನ್ನು ಅಟ್ಟಿಸಿಕೊಂಡು ಹೋಗಿದ್ದು ಕೂಡ ಅದೇ ಹಡಗು ಅನ್ನುತ್ತಿದ್ದರು. ಪಿಯುಸಿ ಓದುವ ಮಗ ಮೊಬೈಲಿನಲ್ಲಿ ನೋಡಿ, “ಐಎನ್‌ಎಸ್ ಮೈಸೂರು ಡೆಸ್ಟ್ರಾಯರ್. ಸೇವೆಗೆ ಬಂದಿದ್ದೇ 1999ರಲ್ಲಿ. ಇರೋದು ಒಂದೇ ದೊಡ್ಡ ಫಿರಂಗಿ. ತಾತ ಸುಮ್ನೆ ಬಿಟ್ಟಿದ್ದಾರೆ” ಎನ್ನುತ್ತಾನೆ. ಯಾರು ಸರಿ? ಸಮುದ್ರವೇ ಇಲ್ಲದ ಮೈಸೂರಿನ ಹೆಸರು ಹಡಗಿಗೆ ಯಾಕೆ? ತಂದೆಯ ಟ್ರಂಕಿನಲ್ಲಿ ಎರಡು ತಲೆಯ ಹಕ್ಕಿ ಇರುವ ಹಿತ್ತಾಳೆ ಬಿಲ್ಲೆಯೂ ಸಿಕ್ಕಿದೆ. ಅದೇನು?

ಉತ್ತರ: ನಿಮ್ಮ ತಂದೆ ಬಿಟ್ಟಿಲ್ಲ. ಒಂದು ಕಡೆ ಮಾತ್ರ ಸ್ವಲ್ಪ ತಪ್ಪಿದ್ದಾರೆ, ಅದಕ್ಕೆ ಆಮೇಲೆ ಬರುತ್ತೇನೆ. ಮಗನೂ ತಪ್ಪು ಓದಿಲ್ಲ. ಐಎನ್‌ಎಸ್ ಮೈಸೂರು ಎಂಬ ಹೆಸರಿನಲ್ಲಿ ಎರಡು ಹಡಗು ಆಗಿವೆ. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವಲ್ಲ, ನೌಕಾಪಡೆಯಲ್ಲೂ ಅದೇ ಪದ್ಧತಿ. ಹಳೆಯ ಹಡಗು ಗುಜರಿಗೆ ಹೋಗುತ್ತದೆ. ಹೆಸರು, ಲಾಂಛನ, ಧ್ಯೇಯವಾಕ್ಯ, ಕೆಲವು ಸಲ ನಂಬರ್ ಕೂಡ ಹೊಸ ಹಡಗಿಗೆ ಬರುತ್ತವೆ. ಹಳೆಯ ಮೈಸೂರಿನ ನಂಬರ್ ಸಿ60. ಈಗಿನದು ಡಿ60. ಸಿ ಅಂದರೆ ಕ್ರೂಸರ್, ದೊಡ್ಡ ಫಿರಂಗಿಗಳ ಯುದ್ಧನೌಕೆ. ಡಿ ಅಂದರೆ ಡೆಸ್ಟ್ರಾಯರ್, ಅದೇನು ಎಂದು ಮುಂದೆ ಹೇಳುತ್ತೇನೆ. ನಿಮ್ಮ ಮನೆಯ ಜಗಳ ಇಷ್ಟೇ, ಒಂದು ಅಕ್ಷರದ್ದು.

ನಾನು ಸಕಲೇಶಪುರದ ಕಡೆಯವನು. ಲೋಣಾವಳದ ಐಎನ್‌ಎಸ್ ಶಿವಾಜಿ ಎಂಬ ತರಬೇತಿ ಶಾಲೆಯಲ್ಲಿ ಕಲಿತು, ನೌಕಾಪಡೆಯ ಇಂಜಿನ್ ರೂಮುಗಳಲ್ಲಿ ಹದಿನೈದು ವರ್ಷ ಬೆವರು ಸುರಿಸಿದವನು. ಈ ಎರಡು ಹಡಗುಗಳಲ್ಲಿ ನಾನು ಕೆಲಸ ಮಾಡಿಲ್ಲ. ಆದರೆ ಹಳೆಯ ಮೈಸೂರಿನ ಬಾಯ್ಲರ್ ನೋಡಿಕೊಂಡಿದ್ದ ಹಿರಿಯರ ಕೈಕೆಳಗೆ ಕಲಿತಿದ್ದೇನೆ. ಆ ಹಡಗಿನ ಕತೆ ಹೇಳದೆ ಅವರಿಗೆ ಟೀ ಇಳಿಯುತ್ತಿರಲಿಲ್ಲ. ಹಾಗಾಗಿ ತಾತನ ಹಡಗಿನ ಬಗ್ಗೆ ಜಾಸ್ತಿ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ.

ಆ ಹಡಗು ಹುಟ್ಟಿದ್ದು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ, ವಿಕರ್ಸ್ ಆರ್ಮ್‌ಸ್ಟ್ರಾಂಗ್ಸ್ ಕಂಪನಿಯ ಹಡಗುಕಟ್ಟೆಯಲ್ಲಿ. 1939ರ ಜುಲೈಯಲ್ಲಿ ನೀರಿಗಿಳಿಯಿತು, 1940ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನೌಕಾಪಡೆ ಸೇರಿತು. ಆಗಿನ ಹೆಸರು ಎಚ್‌ಎಂಎಸ್ ನೈಜೀರಿಯಾ. ಬ್ರಿಟಿಷರು ಆ ಮಾದರಿಯ ಕ್ರೂಸರುಗಳಿಗೆ ತಮ್ಮ ವಸಾಹತುಗಳ ಹೆಸರಿಟ್ಟಿದ್ದರು. ಹಾಗೆ ಇದಕ್ಕೆ ಆಫ್ರಿಕಾದ ಹೆಸರು ಬಂತು.

ಹೊಸ ಹಡಗು ನೇರವಾಗಿ ಎರಡನೇ ಮಹಾಯುದ್ಧಕ್ಕೇ ಹೋಯಿತು. 1941ರ ಜೂನ್ 28ರಂದು ಉತ್ತರದ ಹಿಮಸಮುದ್ರದ ಕಡೆ ಲೌವೆನ್‌ಬರ್ಗ್ ಎಂಬ ಜರ್ಮನ್ ಹಡಗನ್ನು ಹಿಡಿದ ತಂಡದಲ್ಲಿ ನೈಜೀರಿಯಾ ಇತ್ತು. ನೋಡಲು ಅದು ಸುಮ್ನೆ ಹವಾಮಾನ ವರದಿ ಕಳಿಸುವ ಪುಟ್ಟ ಹಡಗು. ಒಳಗೆ ಮಾತ್ರ ಎನಿಗ್ಮಾ ಗುಪ್ತಲಿಪಿಯ ಕಾಗದಪತ್ರಗಳಿದ್ದವು. ಜರ್ಮನ್ ಸಂದೇಶಗಳನ್ನು ಬಿಡಿಸಿ ಓದಲು ಕೂತಿದ್ದ ಬ್ರಿಟಿಷರಿಗೆ ಅವು ಬಂಗಾರಕ್ಕಿಂತ ಹೆಚ್ಚು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಾರ್ವೆಯ ಹತ್ತಿರ ನೈಜೀರಿಯಾ ಮತ್ತು ಅರೋರಾ ಎಂಬ ಇನ್ನೊಂದು ಕ್ರೂಸರ್ ಸೇರಿ ಬ್ರೆಮ್ಸೆ ಎಂಬ ಜರ್ಮನ್ ಹಡಗನ್ನು ಮುಳುಗಿಸಿದವು. ಆ ಕಾದಾಟದಲ್ಲಿ ನೈಜೀರಿಯಾದ ಮೂತಿ ಚೆನ್ನಾಗಿಯೇ ಜಖಂ ಆಯಿತು. ನಿಮ್ಮ ತಂದೆ ಹೇಳಿದ ‘ಜರ್ಮನಿಯ ಹಡಗು’ ಇದೇ. ಅವರು ಹತ್ತುವ ಹೊತ್ತಿಗೆ ಹಡಗಿನ ಹೆಸರೂ ಬಾವುಟವೂ ಬದಲಾಗಿದ್ದವು ಅಷ್ಟೇ. ಕಬ್ಬಿಣ ಅದೇ.

1942ರ ಆಗಸ್ಟ್ ಅದರ ಕೆಟ್ಟ ತಿಂಗಳು. ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾ ದ್ವೀಪ ಎಣ್ಣೆ, ಅನ್ನ ಇಲ್ಲದೆ ಉಸಿರು ಕಟ್ಟಿತ್ತು. ಅಲ್ಲಿಗೆ ಸರಕು ಹಡಗುಗಳ ದಂಡು ಹೊರಟಾಗ ನೈಜೀರಿಯಾ ಬೆಂಗಾವಲಿಗಿತ್ತು. ಆಗಸ್ಟ್ 12ರ ಸಂಜೆ ಇಟಲಿಯ ಆಕ್ಸಮ್ ಎಂಬ ಜಲಾಂತರ್ಗಾಮಿ ಒಂದೇ ಸಲಕ್ಕೆ ನಾಲ್ಕು ಟಾರ್ಪೆಡೊ, ಅಂದರೆ ನೀರೊಳಗೆ ಓಡಿ ಸಿಡಿಯುವ ಬಾಂಬು, ಬಿಟ್ಟಿತು. ಮೂರು ಹಡಗುಗಳಿಗೆ ಪೆಟ್ಟು ಬಿತ್ತು. ಕೈರೋ ಎಂಬ ಕ್ರೂಸರ್ ಕೈಬಿಟ್ಟು ಹೋಯಿತು. ಎಣ್ಣೆ ತುಂಬಿದ್ದ ಒಹಾಯೊಗೆ ತೂತು ಬಿತ್ತು, ಆದರೂ ಅದು ಮಾಲ್ಟಾ ಮುಟ್ಟಿತು. ನೈಜೀರಿಯಾದಲ್ಲಿ 52 ಮಂದಿ ಸತ್ತರು. ವಾಲಿಕೊಂಡ ಹಡಗನ್ನು ಹೇಗೋ ಜಿಬ್ರಾಲ್ಟರ್‌ಗೆ ತಂದು, ಅಮೆರಿಕಕ್ಕೆ ಒಯ್ದು, ತಿಂಗಳುಗಟ್ಟಲೆ ರಿಪೇರಿ ಮಾಡಿದರು. ಒಂದೇ ಬೀಸಿಗೆ ಮೂರು ಹಡಗು ಹೊಡೆಯುವುದು ಸುಲಭವಲ್ಲ. ಶತ್ರುವಾದರೂ ಆ ಗುರಿಗೆ ನಾನು ತಲೆದೂಗುತ್ತೇನೆ. ರಿಪೇರಿ ಮುಗಿದ ಮೇಲೆ ಹಡಗು ಬಂದಿದ್ದು ನಮ್ಮ ಕಡೆಗೇ, ಸಿಂಹಳದ ಟ್ರಿಂಕೋಮಲಿಗೆ. ಅಂದರೆ ಭಾರತದ್ದಾಗುವ ಎಷ್ಟೋ ಮೊದಲೇ ಹಿಂದೂ ಮಹಾಸಾಗರದ ಉಪ್ಪು ನೀರು ಅದಕ್ಕೆ ಗೊತ್ತಿತ್ತು.

ಈಗ ಆ ಒಂದು ತಪ್ಪು. ಗ್ರಾಫ್ ಸ್ಪೀಯನ್ನು 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಬಾಯಿಯ ಹತ್ತಿರ ತಡೆದವು ಮೂರು ಹಡಗು: ಎಕ್ಸೆಟರ್, ಅಜಾಕ್ಸ್, ಅಕಿಲೀಸ್. ಇವುಗಳಲ್ಲಿ ಅಕಿಲೀಸನ್ನು ಭಾರತ 1948ರಲ್ಲಿ ಕೊಂಡು ‘ದೆಹಲಿ’ ಎಂದು ಹೆಸರಿಟ್ಟಿತು. 1939ರ ಆ ಕಾದಾಟದ ಹೊತ್ತಿಗೆ ನೈಜೀರಿಯಾದ ಕಟ್ಟೋಣವೇ ಮುಗಿದಿರಲಿಲ್ಲ. ದೆಹಲಿ, ಮೈಸೂರು ಎರಡೂ ನಮ್ಮ ಕ್ರೂಸರುಗಳು, ಬಂದರಿನಲ್ಲಿ ಅಕ್ಕಪಕ್ಕ ನಿಲ್ಲುತ್ತಿದ್ದವು. ಒಂದರ ಕತೆ ಇನ್ನೊಂದರ ಊಟದ ಮನೆಗೆ ದಾಟುವುದು ಸಹಜ. ಈ ಗೊಂದಲವನ್ನು ನಾನೇ ಹತ್ತು ಮಂದಿ ಹಳಬರ ಬಾಯಲ್ಲಿ ಕೇಳಿದ್ದೇನೆ. ತಂದೆಯವರದ್ದು ಸುಳ್ಳಲ್ಲ, ಪಕ್ಕದ ಮನೆಯ ಕತೆ.

ಭಾರತ ನೈಜೀರಿಯಾವನ್ನು ಕೊಂಡು ಸುಮ್ಮನೆ ಬಣ್ಣ ಬಳಿಯಲಿಲ್ಲ. ಬರ್ಕನ್‌ಹೆಡ್‌ನಲ್ಲಿ ಪೂರ್ತಿ ದುರಸ್ತಿ ಮಾಡಿಸಿತು. ಮೊದಲು ಮೂರು ಮೂರರಂತೆ ನಾಲ್ಕು ಗೋಪುರಗಳಲ್ಲಿ ಹನ್ನೆರಡು ಆರಿಂಚಿನ ಫಿರಂಗಿಗಳಿದ್ದವು. ಹಿಂದಿನ ಒಂದು ಗೋಪುರ ತೆಗೆದ ಮೇಲೆ ಉಳಿದದ್ದು ಒಂಬತ್ತು. ತಂದೆಯ ಲೆಕ್ಕ ಕರಾರುವಾಕ್ಕು! ಮುಂದೆ ಎರಡು ಗೋಪುರ, ಹಿಂದೆ ಒಂದು. ಒಂದೊಂದು ಗುಂಡು ಸುಮಾರು 50 ಕಿಲೋ, ಅಂದರೆ ನಮ್ಮ ಕಡೆ ಒಂದು ಮೂಟೆ ಕಾಫಿ ಬೀಜದ ತೂಕ. ಅದು 23 ಕಿಲೋಮೀಟರ್ ತನಕ ಹಾರುತ್ತಿತ್ತು. ಚಿಕ್ಕಮಗಳೂರಿನಲ್ಲಿ ನಿಂತು ಹೊಡೆದರೆ ಬೇಲೂರು ದಾಟಿ ಬೀಳುತ್ತದೆ.

1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಎಂಬ ಹೆಸರಿನಿಂದ ಸೇವೆಗೆ ಸೇರಿತು. ಮೊದಲ ಕ್ಯಾಪ್ಟನ್ ಎಸ್. ಎಂ. ನಂದಾ. 1971ರ ಯುದ್ಧದ ಹೊತ್ತಿಗೆ ಇಡೀ ನೌಕಾಪಡೆಯ ಮುಖ್ಯಸ್ಥರಾಗಿದ್ದವರು ಇವರೇ.

ಹೆಸರಿನ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. 1957ರಲ್ಲಿ ‘ಮೈಸೂರು’ ಅಂದರೆ ಅರಮನೆ, ದಸರಾ ಇರುವ ಊರು ಮಾತ್ರ ಅಲ್ಲ. ಅದು ಇಡೀ ರಾಜ್ಯದ ಹೆಸರು. ಕರ್ನಾಟಕ ಎಂಬ ಹೆಸರು ಬಂದಿದ್ದು 1973ರ ನವೆಂಬರ್ 1ರಂದು. ಅಲ್ಲಿಯ ತನಕ ಹಾಸನ, ಅರಸೀಕೆರೆ, ಚಿಕ್ಕಮಗಳೂರಿನವರೆಲ್ಲ ಮೈಸೂರಿನವರೇ. ನಿಮ್ಮ ತಂದೆ ಆ ಹಡಗಿನಲ್ಲಿ ನಿಂತಾಗ ಟೋಪಿಯ ಮೇಲೋ ಎದೆಯ ಮೇಲೋ ಇದ್ದದ್ದು ತಮ್ಮದೇ ರಾಜ್ಯದ ಹೆಸರು.

ಇನ್ನು ‘ಸಮುದ್ರ ಇಲ್ಲದ ಮೈಸೂರು’ ಅನ್ನೋ ಮಾತು. ಇದು ಪೂರ್ತಿ ಸರಿಯಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಮಂಗಳೂರಿನ ಕಡೆಯ ಕರಾವಳಿಯೂ ಮೈಸೂರಿಗೆ ಬಂತು. ಅವನು ಹಡಗು ಕಟ್ಟಿಸಿದ. ಟಿಪ್ಪು 1796ರಲ್ಲಿ ಸುಮಾರು ನಲವತ್ತು ಯುದ್ಧನೌಕೆ ಕಟ್ಟಬೇಕು ಎಂದು ಹುಕುಂ ಹೊರಡಿಸಿದ್ದ. ಅದು ಕೈಗೂಡುವ ಮೊದಲೇ 1799 ಬಂತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಕರಾವಳಿಯನ್ನು ತಾವೇ ಇಟ್ಟುಕೊಂಡು, ಒಳನಾಡನ್ನು ಮಾತ್ರ ಒಡೆಯರಿಗೆ ಕೊಟ್ಟರು. ಅಲ್ಲಿಂದ 157 ವರ್ಷ ಮೈಸೂರಿಗೆ ಸಮುದ್ರವಿರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಮದರಾಸಿನಿಂದ ದಕ್ಷಿಣ ಕನ್ನಡ, ಬೊಂಬಾಯಿಯಿಂದ ಉತ್ತರ ಕನ್ನಡ ಬಂದವು. ಕಡಲು ವಾಪಸ್ ಬಂತು. ಅದಾಗಿ ಹತ್ತು ತಿಂಗಳಿಗೆ ಮೈಸೂರು ಹೆಸರಿನ ಹಡಗು ಸೇವೆಗೆ ಸೇರಿತು. ಒಂದರಿಂದಲೇ ಇನ್ನೊಂದು ಆಯಿತು ಅಂತ ನಾನು ಹೇಳುತ್ತಿಲ್ಲ. ತಾರೀಖುಗಳು ಮಾತ್ರ ಚೆನ್ನಾಗಿ ಕೂತಿವೆ, ಅಲ್ವಾ?

ಇದಕ್ಕಿಂತ ಚೆನ್ನಾಗಿ ಕೂತಿರುವುದು ಗೋವಾದ ಪ್ರಸಂಗ. ಅಂಜುದೀವ್ ದ್ವೀಪ ಇರುವುದು ಕಾರವಾರದ ತೀರಕ್ಕೆ ಅಂಟಿಕೊಂಡಂತೆ. ಆದರೆ ಆಳುತ್ತಿದ್ದವರು ಪೋರ್ಚುಗೀಸರು. 1961ರ ನವೆಂಬರಿನಲ್ಲಿ ಸಾಬರಮತಿ ಎಂಬ ನಮ್ಮ ಪ್ರಯಾಣಿಕರ ಹಡಗಿನ ಮೇಲೆ ಆ ದ್ವೀಪದಿಂದ ಗುಂಡು ಹಾರಿತು. ಆಮೇಲೆ ಒಬ್ಬ ಮೀನುಗಾರನ ಜೀವವೂ ಹೋಯಿತು. ದೆಹಲಿಯ ತಾಳ್ಮೆ ಮುಗಿಯಿತು. ಡಿಸೆಂಬರ್ 18ರಂದು ಸೇನೆ ಗೋವಾಕ್ಕೆ ನುಗ್ಗಿದಾಗ, ಅಂಜುದೀವನ್ನು ಹಿಡಿಯುವ ಕೆಲಸ ಬಿದ್ದದ್ದು ಮೈಸೂರು ಮತ್ತು ತ್ರಿಶೂಲ್ ಎಂಬ ಎರಡು ಹಡಗುಗಳಿಗೆ. ಹಡಗುಗಳ ಫಿರಂಗಿಯ ಆಸರೆಯಲ್ಲಿ ನಾವಿಕರ ತಂಡ ದೋಣಿಗಳಲ್ಲಿ ದಡಕ್ಕೆ ಹೋಯಿತು. ದ್ವೀಪದವರು ಸುಲಭಕ್ಕೆ ಬಗ್ಗಲಿಲ್ಲ. ನಮ್ಮ ಏಳು ಮಂದಿ ಸತ್ತರು, 19 ಮಂದಿ ಗಾಯಗೊಂಡರು. ಆಮೇಲೆ ಹಡಗುಗಳು ಬಿಡದೆ ಹೊಡೆದವು. 19ರ ಮಧ್ಯಾಹ್ನದ ಹೊತ್ತಿಗೆ ದ್ವೀಪ ನಮ್ಮದಾಗಿತ್ತು.

ಸತ್ತವರು ಭೂಸೇನೆಯ ಕಾಲಾಳುಗಳಲ್ಲ ಎನ್ನುವುದನ್ನು ಗಮನಿಸಿ. ಹಡಗಿನಲ್ಲಿ ಹಗ್ಗ ಎಳೆಯುವ, ಮೀಟರ್ ನೋಡುವ, ಸಿಗ್ನಲ್ ಕೊಡುವ ಹುಡುಗರ ಕೈಗೆ ಬಂದೂಕು ಕೊಟ್ಟು ದಡಕ್ಕೆ ಕಳಿಸಿದ್ದು. ಅದಕ್ಕೇ ಇರಬೇಕು, ಎಲ್ಲ ಕತೆ ಹೇಳುತ್ತಿದ್ದ ನಮ್ಮ ಹಿರಿಯರು ಅಂಜುದೀವ್ ಬಂದಾಗ ಮಾತು ಬದಲಿಸುತ್ತಿದ್ದರು. ಮೈಸೂರು ಎಂಬ ಹಡಗು ಮೈಸೂರು ರಾಜ್ಯದ ಕಣ್ಣೆದುರೇ ಹೋರಾಡಿದ್ದು ಇದೊಂದೇ ಸಲ. ಆ ದ್ವೀಪ ಈಗ ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯ ಭಾಗ.

ಇದರ ನಡುವೆ ಒಂದು ಎಡವಟ್ಟೂ ಆಗಿತ್ತು. 1959ರ ಆಗಸ್ಟಿನಲ್ಲಿ ಸಿಂಹಳದ ಹತ್ತಿರ ಕವಾಯತು ನಡೆಯುವಾಗ ಮೈಸೂರು ಬ್ರಿಟಿಷರ ಹೋಗ್ ಎಂಬ ಡೆಸ್ಟ್ರಾಯರಿಗೆ ಗುದ್ದಿತು. ಹೋಗ್ ಮತ್ತೆ ಚೇತರಿಸಿಕೊಳ್ಳಲಿಲ್ಲ, ಗುಜರಿಗೆ ಹೋಯಿತು. ಡೆಸ್ಟ್ರಾಯರನ್ನೇ ಕೆಡವಿದ ಹೆಸರು ಮುಂದೆ ಒಂದು ಡೆಸ್ಟ್ರಾಯರಿಗೇ ಬಂತಲ್ಲ ಎಂದು ಹಳಬರು ನಗುತ್ತಿದ್ದರು. 1971ರಲ್ಲಿ ಮೈಸೂರು ಪಶ್ಚಿಮ ನೌಕಾದಳದ ಮುಂದಾಳು ಹಡಗು. ರಿಯರ್ ಅಡ್ಮಿರಲ್ ಇ. ಸಿ. ಕುರುವಿಲ್ಲ ಇದರ ಮೇಲಿದ್ದೇ ದಳ ನಡೆಸಿದರು. ಕರಾಚಿಗೆ ಬೆಂಕಿ ಹಚ್ಚಿದ್ದು ಮಾತ್ರ ಪುಟ್ಟ ಕ್ಷಿಪಣಿ ದೋಣಿಗಳು. ದೊಡ್ಡ ಫಿರಂಗಿಯ ಕಾಲ ಮುಗಿಯಿತು ಎಂದು ಆ ರಾತ್ರಿ ಎಲ್ಲರಿಗೂ ಗೊತ್ತಾಯಿತು. ಕೊನೆಯ ವರ್ಷಗಳಲ್ಲಿ ಹುಡುಗರಿಗೆ ತರಬೇತಿ ಕೊಟ್ಟುಕೊಂಡಿದ್ದ ಹಳೆಯ ಮೈಸೂರು 1985ರ ಆಗಸ್ಟ್ 20ರಂದು ನಿವೃತ್ತಿಯಾಯಿತು.

ಇನ್ನು ಮಗ ನೋಡಿದ ಹಡಗು. ಮುಂಬೈನ ಮಜಗಾಂವ್ ಡಾಕ್‌ನಲ್ಲಿ 1991ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. 1993ರ ಜೂನ್‌ನಲ್ಲಿ ನೀರಿಗಿಳಿಯಿತು. ಸೇವೆಗೆ ಸೇರಿದ್ದು 1999ರ ಜೂನ್ 2ರಂದು, ಕಾರ್ಗಿಲ್ ಕಾದಾಟ ಜೋರಾಗಿದ್ದಾಗ. ಎಂಟು ವರ್ಷ ಯಾಕೆ ಹಿಡಿಯಿತು ಎಂದರೆ, ಆಯುಧ, ಯಂತ್ರ ಬಹಳಷ್ಟು ಬರಬೇಕಿದ್ದದ್ದು ಸೋವಿಯತ್ ಒಕ್ಕೂಟದಿಂದ. 1991ರ ಕೊನೆಗೆ ಆ ದೇಶವೇ ಇಲ್ಲವಾಯಿತು. ಆರ್ಡರ್ ಕೊಟ್ಟ ಅಂಗಡಿ ಮುಚ್ಚಿ, ಒಳಗಿನ ಸಾಮಾನು ನಾಲ್ಕು ಮಂದಿ ಅಣ್ಣತಮ್ಮಂದಿರಿಗೆ ಹಂಚಿಹೋದ ಹಾಗೆ. ಗ್ಯಾಸ್ ಟರ್ಬೈನ್ ಉಕ್ರೇನಿನವು, ಕ್ಷಿಪಣಿ ರಷ್ಯಾದವು. ಇದರ ಜೊತೆ ಹುಟ್ಟಿದವು ದೆಹಲಿ ಮತ್ತು ಮುಂಬೈ. ಅಲ್ಲಿಗೆ ಹಳೆಯ ಎರಡು ಕ್ರೂಸರುಗಳ ಹೆಸರೂ ವಾಪಸ್ ಬಂದ ಹಾಗಾಯಿತು.

ಡೆಸ್ಟ್ರಾಯರ್ ಅಂದರೆ ಮೊದಲು ಟಾರ್ಪೆಡೊ ದೋಣಿಗಳನ್ನು ಬೇಟೆಯಾಡುವ ಸಣ್ಣ ಹಡಗು. ಈಗ ಸಣ್ಣದೇನಲ್ಲ. ಹಳೆಯ ಕ್ರೂಸರ್ ಉದ್ದ ಸುಮಾರು 169 ಮೀಟರ್, ಈ ಡೆಸ್ಟ್ರಾಯರ್ 163 ಮೀಟರ್. ಅಗಲ ಸುಮಾರು 17 ಮೀಟರ್. ಶ್ರವಣಬೆಳಗೊಳದ ಗೊಮ್ಮಟನನ್ನು ಡೆಕ್ಕಿನ ಮೇಲೆ ಅಡ್ಡಲಾಗಿ ಮಲಗಿಸಿದರೆ ಹೆಚ್ಚುಕಮ್ಮಿ ಅಂಚಿಂದ ಅಂಚಿಗೆ ಬರುತ್ತಾನೆ. ಉದ್ದಕ್ಕೆ ಒಂಬತ್ತು ಗೊಮ್ಮಟರು ಹಿಡಿಯುತ್ತಾರೆ. ಮಗ ಹೇಳಿದ ಆ ಒಂದು ಫಿರಂಗಿ, ಹಡಗು ಸೇವೆಗೆ ಬಂದಾಗ, 100 ಮಿಲಿಮೀಟರಿನದಾಗಿತ್ತು. ಅದನ್ನು ನೋಡಿ ನಗಬೇಡ ಅನ್ನಿ. ನಿಜವಾದ ಪೆಟ್ಟು ಇರುವುದು ಪಕ್ಕದ ಡಬ್ಬಿಗಳಲ್ಲಿ. ಸೇವೆಗೆ ಬಂದಾಗ ಅವುಗಳಲ್ಲಿ ಇದ್ದದ್ದು ಹದಿನಾರು ಉರಾನ್ ಕ್ಷಿಪಣಿ, ಒಂದೊಂದೂ 130 ಕಿಲೋಮೀಟರ್ ಹೋಗುವಂಥದ್ದು. ಹಾಸನದಿಂದ ಮೈಸೂರು ಅಷ್ಟು ದೂರವಿಲ್ಲ.

ಹೊಸ ಮೈಸೂರು ದೊಡ್ಡ ನೌಕಾಯುದ್ಧ ನೋಡಿಲ್ಲ. ನೋಡಿದ್ದು ಕಡಲ್ಗಳ್ಳರನ್ನು. 2008ರ ಡಿಸೆಂಬರ್ 13ರಂದು ಏಡನ್ ಕೊಲ್ಲಿಯಲ್ಲಿ ಗಿಬೆ ಎಂಬ ಇಥಿಯೋಪಿಯದ ಸರಕು ಹಡಗು ಸಹಾಯಕ್ಕೆ ಕೂಗಿತು. ಮೈಸೂರು ಹತ್ತಿರದಲ್ಲಿತ್ತು. ಹೆಲಿಕಾಪ್ಟರ್ ಹಾರಿತು, ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ಕಳ್ಳರ ದೋಣಿ ಹತ್ತಿದರು. 23 ಮಂದಿ ಸಿಕ್ಕಿಬಿದ್ದರು, 12 ಮಂದಿ ಸೊಮಾಲಿಯದವರು, 11 ಮಂದಿ ಯೆಮನ್‌ನವರು. ಎಕೆ-47 ಬಂದೂಕುಗಳು, ರಾಕೆಟ್ ಲಾಂಚರ್ ಎಲ್ಲ ಇದ್ದವು. ಅವರನ್ನು ಯೆಮನ್‌ಗೆ ಒಪ್ಪಿಸಲಾಯಿತು. 6,700 ಟನ್ನಿನ ಹಡಗು ಮೀನು ದೋಣಿಯ ಹಿಂದೆ ಓಡುವುದು ಸೊಳ್ಳೆ ಹೊಡೆಯಲು ಒನಕೆ ಎತ್ತಿದ ಹಾಗೆ ಕಾಣಬಹುದು. ಆದರೆ ಅಲ್ಲಿ ಬೇಕಿದ್ದದ್ದು ಹೆಲಿಕಾಪ್ಟರ್ ಮತ್ತು ದೂರದ ತನಕ ಓಡಾಡುವ ತಾಕತ್ತು. 2011ರಲ್ಲಿ ಲಿಬಿಯಾದಲ್ಲಿ ಗಲಾಟೆ ಎದ್ದಾಗ ನಮ್ಮವರನ್ನು ಕರೆತರುವ ಕಾರ್ಯಾಚರಣೆಗೂ ಮೈಸೂರು ಹೋಯಿತು, ಜಲಾಶ್ವ ಮತ್ತು ಆದಿತ್ಯ ಹಡಗುಗಳ ಜೊತೆ. ಅದು ಅದೇ ಮೆಡಿಟರೇನಿಯನ್. ತಾತನ ಹಡಗು ಟಾರ್ಪೆಡೊ ತಿಂದ ಸಮುದ್ರ.

ಊರಿನ ಹೆಸರು 2014ರಲ್ಲಿ ಇಂಗ್ಲಿಷಿನಲ್ಲಿ ಬದಲಾಯಿತು, ಹಡಗಿನ ಮೇಲೆ ಹಳೆಯ ಇಂಗ್ಲಿಷ್ ಕಾಗುಣಿತವೇ ಇದೆ. ಕನ್ನಡದಲ್ಲಿ ಬರೆಯುವ ನಮಗೆ ಆ ತಲೆನೋವಿಲ್ಲ.

ಈಗ ಹಿತ್ತಾಳೆಯ ಹಕ್ಕಿ. ಅದು ಗಂಡಭೇರುಂಡ, ಹಡಗಿನ ಲಾಂಛನ. ಮೈಸೂರು ಒಡೆಯರದ್ದು ಅದೇ, ಇವತ್ತಿನ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿರುವುದೂ ಅದೇ, ನೀವು ಹತ್ತುವ ಕೆಎಸ್ಆರ್‌ಟಿಸಿ ಬಸ್ಸಿನ ಮೇಲಿರುವುದೂ ಅದೇ. ಒಡೆಯರಿಗಿಂತ ಎಷ್ಟೋ ಹಿಂದಿನದು. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ ಇದೆ. ಅಷ್ಟು ದೂರ ಯಾಕೆ, ನಮ್ಮ ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲೇ ಇದೆ. ಒಂದು ಚಿಕ್ಕ ಕೆತ್ತನೆ, ಗಡಿಬಿಡಿಯಲ್ಲಿ ಹೋದರೆ ಕಣ್ಣಿಗೆ ಬೀಳುವುದಿಲ್ಲ. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹವನ್ನು ಶರಭ ಎಂಬ ಪುರಾಣದ ಮೃಗ ಹಿಡಿದಿದೆ, ಶರಭನನ್ನು ಗಂಡಭೇರುಂಡ. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ಯುದ್ಧನೌಕೆಗೆ ಇದಕ್ಕಿಂತ ಒಪ್ಪುವ ಹಕ್ಕಿ ಸಿಗುವುದು ಕಷ್ಟ. ಧ್ಯೇಯವಾಕ್ಯ ‘ನ ಬಿಭೇತಿ ಕದಾಚನ’. ತೈತ್ತಿರೀಯ ಉಪನಿಷತ್ತಿನದು, ‘ಎಂದೂ ಹೆದರುವುದಿಲ್ಲ’ ಎಂದರ್ಥ.

ಆ ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಉಳಿದ ಬಣ್ಣವೂ ಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಟ್ರಂಕನ್ನು ಇನ್ನೊಮ್ಮೆ ತಳದ ತನಕ ನೋಡಿ. ತಂದೆ ಗೋವಾ ಕಾರ್ಯಾಚರಣೆಯಲ್ಲಿದ್ದರೆ ಜನರಲ್ ಸರ್ವಿಸ್ ಮೆಡಲ್ ಎಂಬ ಪದಕ ಇರಬಹುದು. ಅದರ ರಿಬ್ಬನ್ ಮೇಲೆ ‘ಗೋವಾ 1961’ ಎಂಬ ಲೋಹದ ಪಟ್ಟಿ ಕೂತಿರುತ್ತದೆ. ಸಿಗದಿದ್ದರೆ ಅವರ ಬಿಡುಗಡೆ ಪತ್ರದಲ್ಲಿರುವ ನಂಬರ್ ಬರೆದು, ಮುಂಬೈನ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೈಲರ್ಸ್‌ಗೆ ಒಂದು ಕಾಗದ ಹಾಕಿ. ನಾವಿಕರ ದಾಖಲೆ ನೋಡಿಕೊಳ್ಳುವುದು ಅವರೇ. ಕಾಗದ ಬರೆಯಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಸಹಾಯ ಕೇಳಬಹುದು. ಮಗನಿಗೆ ನಿಜವಾದ ಯುದ್ಧನೌಕೆಯ ಒಳಗೆ ಓಡಾಡಬೇಕು ಅನ್ನಿಸಿದರೆ ಶಿರಾಡಿ ಘಾಟಿ ಇಳಿದು ಕಾರವಾರಕ್ಕೆ ಹೋಗಿ. ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರೆ.

ಪದಕ ಸಿಕ್ಕರೆ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಸಣ್ಣ ಅಕ್ಷರಗಳಲ್ಲಿ ನಂಬರ್ ಮತ್ತು ಹೆಸರು ಕೊರೆದಿರುತ್ತಾರೆ. ಅದನ್ನು ನೀವು ಓದಬೇಡಿ. ಮಗನ ಕೈಗೆ ಕೊಟ್ಟು ಓದಿಸಿ.